ಹೊಂದಿಕೊಂಡ ಉತ್ತರವೆಲ್ಲ ಸರಿಯುತ್ತರವೇ?

ಸ್ವೀಡನ್ ದೇಶದ ಉಪ್ಸಾಲಾ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಬೇಕೆಂದೇ ಒಂದು ತಪ್ಪು ಮಾಡಿ, ಅದನ್ನು 1995ರಲ್ಲಿ ಪ್ರಕಟಿಸಿದರು. ಅವರ ಹೆಸರು ಗೆರಾರ್ಡ್ ಕ್ಲೇವೆಗ್ಟ್ ಮತ್ತು ಆಲ್ವಿನ್ ಜೋನ್ಸ್. ವಿಟಮಿನ್ 'ಎ'ಯಿಂದ ಹುಟ್ಟುವ ರೆಟಿನಾಯಿಕ್ ಆಮ್ಲವನ್ನು ಜೀವಕೋಶದೊಳಗೆ ಹಿಡಿದಿಟ್ಟುಕೊಳ್ಳುವ ಒಂದು ಪುಟ್ಟ ಪ್ರೋಟೀನಿನ ರಚನೆಯನ್ನು ಅವರ ಪ್ರಯೋಗಾಲಯ ಅದಕ್ಕೆ ಹಿಂದಿನ ವರ್ಷವಷ್ಟೇ ಬಿಡಿಸಿತ್ತು. ಸರಿಯುತ್ತರ ಕೈಯಲ್ಲೇ ಇತ್ತು. ಹಾಗಿದ್ದೂ ಅವರು ಅದೇ ಪ್ರೋಟೀನನ್ನು ಹಿಂದುಮುಂದಾಗಿ ಕಟ್ಟಿದರು. ಅಮೈನೋ ಆಮ್ಲಗಳ ಸರಪಣಿ ಶುರುವಾಗುವ ಕಡೆ ಅದರ ಕೊನೆಯನ್ನಿಟ್ಟರು, ಕೊನೆಯಿರುವ ಕಡೆ ಆರಂಭವನ್ನಿಟ್ಟರು. ಹಳಿ ಅದೇ, ಬೋಗಿಗಳೂ ಅಷ್ಟೇ. ಆದರೆ ಎಂಜಿನ್ ಇರಬೇಕಾದ ಕಡೆ ಗಾರ್ಡಿನ ಡಬ್ಬಿ!

ಈ ತಪ್ಪು ಮಾದರಿಯನ್ನು ಕಂಪ್ಯೂಟರಿಗೆ ಕೊಟ್ಟು, ಪ್ರಯೋಗದಲ್ಲಿ ಸಿಕ್ಕ ಅಳತೆಗಳಿಗೆ ಹೊಂದುವಂತೆ ತಿದ್ದಲು ಹೇಳಿದರು. ಕಂಪ್ಯೂಟರು ತಿದ್ದಿತು. ಮಾದರಿ ಅಳತೆಗಳಿಗೆ ಎಷ್ಟು ತಾಳೆಯಾಗುತ್ತದೆಂದು ತಿಳಿಸುವ 'ಆರ್' ಎಂಬ ಅಂಕ ಶೇಕಡಾ 21ಕ್ಕೆ ಇಳಿಯಿತು. ಈ ವಿದ್ಯೆಯಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು. 20ರ ಆಸುಪಾಸು ಬಂದರೆ ಮರ್ಯಾದಸ್ಥ ಫಲಿತಾಂಶ. ಪೂರ್ತಿ ಹಿಂದುಮುಂದಾದ ಪ್ರೋಟೀನೊಂದು ಹೀಗೆ ಫಸ್ಟ್ ಕ್ಲಾಸಿನಲ್ಲಿ ಪಾಸಾಯಿತು. ಆದರೆ ಅವರು ಪಕ್ಕಕ್ಕೆ ತೆಗೆದಿಟ್ಟಿದ್ದ ಇನ್ನೊಂದು ಅಂಕವಿತ್ತು. ಅದು ತೋರಿಸಿದ್ದು ಶೇಕಡಾ 62.

ಒಂದೇ ಮಾದರಿಗೆ ಒಂದು ಅಂಕ 21, ಇನ್ನೊಂದು 62. ಯಾವುದನ್ನು ನಂಬಬೇಕು? ಇದು ತಜ್ಞರ ತಮಾಷೆಯ ಪ್ರಶ್ನೆಯಲ್ಲ. ಪ್ರೋಟೀನಿನ ಆಕಾರ ತಿಳಿದರೆ ಅದರ ಕೆಲಸ ತಿಳಿಯುತ್ತದೆ. ಕೆಲಸ ತಿಳಿದರೆ ಅದನ್ನು ತಡೆಯುವ ಔಷಧವನ್ನು ಬೀಗಕ್ಕೆ ಕೀಲಿ ಮಾಡಿದಂತೆ ಮಾಡಬಹುದು. ಏಡ್ಸ್ ವೈರಸ್ಸಿನ ಪ್ರೋಟಿಯೇಸ್ ಎಂಬ ಪ್ರೋಟೀನಿನ ರಚನೆ 1989ರಲ್ಲಿ ಬೆಳಕಿಗೆ ಬಂತು. ಅದನ್ನು ತಡೆಯುವ ಔಷಧಗಳಲ್ಲಿ ಮೊದಲನೆಯದಾದ ಸಾಕ್ವಿನಾವಿರ್‌ಗೆ 1995ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಬೀಗದ ನಕ್ಷೆಯೇ ತಪ್ಪಾಗಿದ್ದರೆ ಕೀಲಿ ಮಾಡುವವನ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಪ್ರೋಟೀನನ್ನು ನೋಡುವುದಾದರೂ ಹೇಗೆ? ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಸುಮಾರು 4,000ದಿಂದ 7,000 ಆಂಗ್‌ಸ್ಟ್ರಾಮ್. ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಒಂದು ಕೋಟಿಯಲ್ಲಿ ಒಂದು ಪಾಲು. ಪ್ರೋಟೀನಿನಲ್ಲಿ ಅಕ್ಕಪಕ್ಕದ ಪರಮಾಣುಗಳ ನಡುವಿನ ದೂರ ಒಂದೂವರೆ ಆಂಗ್‌ಸ್ಟ್ರಾಮ್ ಆಸುಪಾಸು. ಆದ್ದರಿಂದ ಮಾಮೂಲಿ ಸೂಕ್ಷ್ಮದರ್ಶಕ ಇಲ್ಲಿ ನಡೆಯದು. ಅಷ್ಟೇ ಕಿರಿದಾದ ಅಲೆಯ ಕ್ಷ-ಕಿರಣ ಬೇಕು. ಮೊದಲು ಪ್ರೋಟೀನನ್ನು ಸಕ್ಕರೆ, ಉಪ್ಪಿನಂತೆ ಹರಳುಗಟ್ಟಿಸಬೇಕು. ಹರಳಿನ ಮೇಲೆ ಕ್ಷ-ಕಿರಣ ಹಾಯಿಸಿದರೆ ಅದು ಚೆದುರಿ ಸಾವಿರಾರು ಚುಕ್ಕೆಗಳಾಗಿ ಬೀಳುತ್ತದೆ. ಪ್ರಯೋಗದಲ್ಲಿ ಕೈಗೆ ಸಿಗುವುದು ಈ ಚುಕ್ಕೆಗಳು ಮಾತ್ರ. ಪ್ರೋಟೀನಿನ ಫೋಟೋ ಅಲ್ಲ.

ಚುಕ್ಕೆ ಎಷ್ಟು ಗಾಢವಾಗಿದೆ ಎಂಬುದರಿಂದ ಅಲ್ಲಿಗೆ ಬಂದ ಅಲೆ ಎಷ್ಟು ಎತ್ತರದ್ದೆಂದು ತಿಳಿಯುತ್ತದೆ. ಆದರೆ ಅಲೆ ಬಂದು ತಲುಪಿದಾಗ ಏರಿನಲ್ಲಿತ್ತೇ, ಇಳಿತದಲ್ಲಿತ್ತೇ ಎಂಬುದು ತಿಳಿಯುವುದಿಲ್ಲ. ಇದನ್ನು ವಿಜ್ಞಾನಿಗಳು 'ಫೇಸ್' ಎನ್ನುತ್ತಾರೆ. ಚಿತ್ರ ಮೂಡಬೇಕಾದರೆ ಎತ್ತರ, ಫೇಸ್ ಎರಡೂ ಬೇಕು. ಎರಡರಲ್ಲಿ ಯಾವುದು ಹೆಚ್ಚು ಮುಖ್ಯ? ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಕೆವಿನ್ ಕೌಟನ್ ಇದನ್ನು ಒಂದು ಬಾತುಕೋಳಿ ಮತ್ತು ಒಂದು ಬೆಕ್ಕಿನ ಚಿತ್ರದಿಂದ ತೋರಿಸಿಕೊಟ್ಟಿದ್ದಾರೆ. ಬಾತುಕೋಳಿಯ ಚಿತ್ರದಿಂದ ಅಲೆಗಳ ಎತ್ತರವನ್ನೂ ಬೆಕ್ಕಿನ ಚಿತ್ರದಿಂದ ಫೇಸನ್ನೂ ತೆಗೆದುಕೊಂಡು ಬೆರೆಸಿದರೆ ಕಾಣಿಸುವುದು ಬಾತುಕೋಳಿಯಲ್ಲ, ಬೆಕ್ಕು!

ಇಲ್ಲಿಯೇ ಅಪಾಯ ಅಡಗಿದೆ. ಎತ್ತರವನ್ನು ಅಳೆಯಬಹುದು, ಫೇಸನ್ನು ಸುತ್ತುಬಳಸಿ ಅಂದಾಜು ಮಾಡಬೇಕು. ಹರಳಿನೊಳಗೆ ಪಾದರಸ, ಚಿನ್ನದಂಥ ಭಾರದ ಪರಮಾಣುಗಳನ್ನು ಸೇರಿಸಿ ಅಂದಾಜಿಸುವುದುಂಟು. ಅದನ್ನು ಹೋಲುವ, ಈಗಾಗಲೇ ಗೊತ್ತಿರುವ ಪ್ರೋಟೀನಿನಿಂದ ಕಡ ತರುವುದೂ ಉಂಟು. ಹಾಗೆ ಮೂಡಿದ ಮಸುಕು ನಕ್ಷೆಯಲ್ಲಿ ಎಲೆಕ್ಟ್ರಾನುಗಳು ಎಲ್ಲೆಲ್ಲಿ ದಟ್ಟವಾಗಿವೆ ಎಂದು ನೋಡಿ ಪರಮಾಣುಗಳನ್ನು ಕೂರಿಸುತ್ತಾರೆ. ಆ ಮಾದರಿಯಿಂದಲೇ ಹೊಸ ಫೇಸ್ ಲೆಕ್ಕ ಹಾಕಿ, ಇನ್ನೊಂದು ನಕ್ಷೆ ಮಾಡಿ, ಮಾದರಿಯನ್ನು ಇನ್ನಷ್ಟು ತಿದ್ದುತ್ತಾರೆ. ಈಗ ಯೋಚಿಸಿ: ಮಾದರಿ ತಪ್ಪಾಗಿದ್ದರೆ ಅದರಿಂದ ಬಂದ ಫೇಸೂ ತಪ್ಪು, ಆ ಫೇಸಿನಿಂದ ಮೂಡಿದ ನಕ್ಷೆಯಲ್ಲಿ ಕಾಣಿಸುವುದೂ ಅದೇ ತಪ್ಪು. ಬೆಕ್ಕನ್ನು ಹುಡುಕಿಕೊಂಡು ಹೋದವನಿಗೆ ಬೆಕ್ಕೇ ಸಿಕ್ಕಿತು. ಮಾದರಿ ತನಗೆ ತಾನೇ ಸಾಕ್ಷಿ ಹೇಳಿತು.

ಹಾಗಾದರೆ ತಾಳೆ ನೋಡುವ ಆರ್ ಅಂಕ ಏನು ಮಾಡುತ್ತದೆ? ಮಾದರಿ ನಿಜವಾಗಿದ್ದರೆ ಚುಕ್ಕೆಗಳು ಹೇಗಿರಬೇಕಿತ್ತು ಎಂದು ಲೆಕ್ಕ ಹಾಕುತ್ತಾರೆ. ಅಳೆದದ್ದಕ್ಕೂ ಲೆಕ್ಕಕ್ಕೂ ನಡುವಿನ ವ್ಯತ್ಯಾಸವನ್ನೆಲ್ಲ ಕೂಡಿ, ಅಳೆದದ್ದರ ಮೊತ್ತದಿಂದ ಭಾಗಿಸುತ್ತಾರೆ. ಪೂರ್ತಿ ಹೊಂದಿದರೆ ಸೊನ್ನೆ. ಪರಮಾಣುಗಳನ್ನು ಕಣ್ಣುಮುಚ್ಚಿ ಎಲ್ಲೆಂದರಲ್ಲಿ ಎರಚಿದರೆ ಎಷ್ಟು ಬರುತ್ತದೆಂದು ಎ.ಜೆ.ಸಿ. ವಿಲ್ಸನ್ ಎಂಬ ವಿಜ್ಞಾನಿ 1950ರಲ್ಲೇ ಗಣಿತದಿಂದ ತೋರಿಸಿದ್ದರು: ಪ್ರೋಟೀನಿನ ಹರಳುಗಳಂಥವಕ್ಕೆ ಸುಮಾರು ಶೇಕಡಾ 59. ಇದು ನೆನಪಿರಲಿ.

ಲೆಕ್ಕವೇನೋ ಚೊಕ್ಕವಾಗಿದೆ. ತೊಂದರೆ ಬೇರೆಡೆ ಇದೆ. ಒಂದು ಪರಮಾಣುವಿನ ಜಾಗ ಹೇಳಲು ಮೂರು ಸಂಖ್ಯೆ, ಅದು ಎಷ್ಟು ಅಲುಗಾಡುತ್ತಿದೆ ಎಂದು ಹೇಳಲು ಇನ್ನೊಂದು, ಒಟ್ಟು ನಾಲ್ಕು. ಸಾವಿರ ಪರಮಾಣುಗಳ ಚಿಕ್ಕ ಪ್ರೋಟೀನಿಗೂ 4,000 ಸಂಖ್ಯೆಗಳನ್ನು ಕಂಡುಹಿಡಿಯಬೇಕು. ಹರಳು ಚೆನ್ನಾಗಿದ್ದರೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಚುಕ್ಕೆಗಳು ಸಿಗುತ್ತವೆ. ಹರಳು ಕೆಟ್ಟದಾಗಿದ್ದು 3 ಆಂಗ್‌ಸ್ಟ್ರಾಮ್‌ಗಿಂತ ಸಣ್ಣ ವಿವರ ಕಾಣದೆಂದಾದರೆ ಚುಕ್ಕೆಗಳು ಹೆಚ್ಚುಕಡಿಮೆ ಅಷ್ಟೇ, ಕೆಲವೊಮ್ಮೆ ಅದಕ್ಕೂ ಕಡಿಮೆ. ಎರಡು ಸಮೀಕರಣ ಕೊಟ್ಟು ಮೂರು ಅಜ್ಞಾತಗಳನ್ನು ಕಂಡುಹಿಡಿ ಎಂದರೆ ಒಂಬತ್ತನೆಯ ತರಗತಿಯ ಹುಡುಗ ಕೂಡ ಆಗದು ಎನ್ನುತ್ತಾನೆ. ಕಂಪ್ಯೂಟರು ಹಾಗೆನ್ನುವುದಿಲ್ಲ. ಅತ್ತ ಇತ್ತ ಎಳೆದು ಏನಾದರೊಂದು ಉತ್ತರವನ್ನು ಹೊಂದಿಸಿಯೇ ಬಿಡುತ್ತದೆ.

ಇದು ನಮ್ಮ ಮನೆಗಳಿಗೆ ಹೊಸದೇನಲ್ಲ. ಹುಡುಗನೊಬ್ಬ ಗೈಡಿನಲ್ಲಿರುವ ಮುನ್ನೂರು ಪ್ರಶ್ನೆಗಳಿಗೂ ಉತ್ತರ ಉರು ಹೊಡೆದಿದ್ದಾನೆನ್ನಿ. ಅದೇ ಗೈಡಿನಿಂದ ಪ್ರಶ್ನೆ ಕೇಳಿದರೆ ನೂರಕ್ಕೆ ತೊಂಬತ್ತೆಂಟು. ಅಪ್ಪ ಅಮ್ಮನಿಗೆ ಸಂತೋಷ, ಟ್ಯೂಷನ್ ಮೇಷ್ಟರಿಗೂ ಸಂತೋಷ. ಅವನಿಗೆ ಪಾಠ ಅರ್ಥವಾಗಿದೆಯೇ ಎಂದು ತಿಳಿಯುವ ದಾರಿ ಒಂದೇ: ಅವನು ಎಂದೂ ನೋಡಿರದ ಪ್ರಶ್ನೆಯನ್ನು ಕೇಳಬೇಕು. ಅದಕ್ಕಾಗಿ ಮೊದಲ ದಿನವೇ ಗೈಡಿನಿಂದ ಇಪ್ಪತ್ತು ಪ್ರಶ್ನೆಗಳ ಹಾಳೆ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದರೂ ಸಾಕು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಆಕ್ಸೆಲ್ ಬ್ರುಂಗರ್ 1992ರಲ್ಲಿ ಸೂಚಿಸಿದ್ದು ಹೆಚ್ಚುಕಡಿಮೆ ಇದನ್ನೇ. ಅದಕ್ಕೆ ಎರಡು ವರ್ಷ ಮೊದಲು, ಅಚ್ಚಾದ ಪ್ರೋಟೀನ್ ರಚನೆಗಳಲ್ಲಿ ಎಂತೆಂಥ ತಪ್ಪುಗಳು ನುಸುಳಿವೆ ಎಂದು ಕಾರ್ಲ್-ಇವಾರ್ ಬ್ರಾಂಡೆನ್ ಮತ್ತು ಇದೇ ಆಲ್ವಿನ್ ಜೋನ್ಸ್ 'ನೇಚರ್' ಪತ್ರಿಕೆಯಲ್ಲಿ ಬರೆದು ಎಲ್ಲರ ನಿದ್ದೆ ಕೆಡಿಸಿದ್ದರು. ಬ್ರುಂಗರ್ ಹೇಳಿದ್ದಿಷ್ಟು: ಸಿಕ್ಕ ಚುಕ್ಕೆಗಳಲ್ಲಿ ನೂರಕ್ಕೆ ಐದೋ ಹತ್ತೋ ಚುಕ್ಕೆಗಳನ್ನು ಮನಸ್ಸಿಗೆ ಬಂದಂತೆ ಆರಿಸಿ ಬೇರೆ ಇಡಿ. ಮಾದರಿಯನ್ನು ತಿದ್ದುವಾಗ ಅವನ್ನು ಮುಟ್ಟಲೇಬೇಡಿ. ತಿದ್ದಿದ ಮೇಲೆ ಆ ಚುಕ್ಕೆಗಳಿಗೆ ಮಾದರಿ ಎಷ್ಟು ತಾಳೆಯಾಗುತ್ತದೆ ನೋಡಿ. ಈ ಅಂಕಕ್ಕೆ 'ಫ್ರೀ ಆರ್' ಎಂದು ಹೆಸರಾಯಿತು. ಮಾದರಿ ಸರಿಯಿದ್ದರೆ ಅದು ನೋಡದ ಚುಕ್ಕೆಗಳನ್ನೂ ಅದು ಸುಮಾರಾಗಿ ಸರಿ ಊಹಿಸುತ್ತದೆ. ಫ್ರೀ ಆರ್ ಮಾಮೂಲಿ ಆರ್‌ಗಿಂತ ನಾಲ್ಕೈದು ಅಂಕ ಮೇಲಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಉಪ್ಸಾಲಾದ ಹಿಂದುಮುಂದಾದ ಪ್ರೋಟೀನಿಗೆ ಬಂದದ್ದು 62. ವಿಲ್ಸನ್ ಹೇಳಿದ 59ರ ಪಕ್ಕದಲ್ಲಿಟ್ಟು ನೋಡಿ. ಅಷ್ಟೆಲ್ಲ ತಿದ್ದಿ ತೀಡಿದ ಮಾದರಿ, ಪರಮಾಣುಗಳನ್ನು ಸುಮ್ಮನೆ ಎರಚಿದ್ದಕ್ಕಿಂತ ಒಂದು ಕೂದಲೆಳೆಯಷ್ಟೂ ಮೇಲಾಗಿರಲಿಲ್ಲ.

ಆದರೂ ಒಂದೇ ಪರೀಕ್ಷೆಯನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಬೀರುವಿನ ಬೀಗ ತೆಗೆದು ಆಗಾಗ ಇಣುಕುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಆದ್ದರಿಂದ ಚುಕ್ಕೆಗಳ ಗೊಡವೆಯೇ ಇಲ್ಲದ ಇನ್ನೊಬ್ಬ ಸಾಕ್ಷಿ ಬೇಕು. ಆ ಸಾಕ್ಷಿಯನ್ನು ಜಗತ್ತಿಗೆ ಕೊಟ್ಟವರು ಜಿ.ಎನ್. ರಾಮಚಂದ್ರನ್. ಎರ್ನಾಕುಲಂನಲ್ಲಿ 1922ರಲ್ಲಿ ಹುಟ್ಟಿದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದವರು, ಸರ್ ಸಿ.ವಿ. ರಾಮನ್ ಅವರು ಭೌತಶಾಸ್ತ್ರದ ಕಡೆಗೆ ಸೆಳೆದುಕೊಂಡರು. 1952ರಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ, ಚರ್ಮ ಮತ್ತು ಮೂಳೆಗಳಲ್ಲಿರುವ ಕೊಲಾಜೆನ್ ಪ್ರೋಟೀನು ಮೂರೆಳೆಯ ಹುರಿಯಂತಿದೆ ಎಂದು ಗೋಪಿನಾಥ್ ಕರ್ತಾ ಜೊತೆ 1954ರಲ್ಲಿ ಹೇಳಿದರು. ಈ ಮಾದರಿಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ತೀರ ಹತ್ತಿರ ಬಂದುಬಿಟ್ಟಿವೆ ಎಂದು ಫ್ರಾನ್ಸಿಸ್ ಕ್ರಿಕ್, ಅಲೆಕ್ಸಾಂಡರ್ ರಿಚ್ ಆಕ್ಷೇಪ ಎತ್ತಿದರು. ಆಕ್ಷೇಪಕ್ಕೆ ಸಿಟ್ಟಾಗಿ ಕೂರುವ ಬದಲು ರಾಮಚಂದ್ರನ್ ಒಂದು ಮೂಲ ಪ್ರಶ್ನೆ ಕೇಳಿಕೊಂಡರು: ಹಾಗಾದರೆ ಪರಮಾಣುಗಳು ನಿಜವಾಗಿ ಎಷ್ಟು ಹತ್ತಿರ ಬರಬಹುದು?

ಆವರೆಗೆ ಗೊತ್ತಿದ್ದ ಹರಳುಗಳ ರಚನೆಗಳನ್ನೆಲ್ಲ ಜಾಲಾಡಿ ಅವರು ಆ ದೂರಗಳನ್ನು ಕಲೆಹಾಕಿದರು. ಪ್ರೋಟೀನಿನ ಸರಪಣಿಯಲ್ಲಿ ಪ್ರತಿ ಅಮೈನೋ ಆಮ್ಲದ ಬಳಿ ತಿರುಗಬಲ್ಲ ಎರಡು ಕೀಲುಗಳಿವೆ. ಎರಡೂ ಕೀಲುಗಳನ್ನು ಎಲ್ಲ ಕೋನಗಳಿಗೆ ತಿರುಗಿಸುತ್ತ ಹೋದರೆ, ಬಹುಪಾಲು ಕೋನಗಳಲ್ಲಿ ಪರಮಾಣುಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ. ಢಿಕ್ಕಿಯಿಲ್ಲದ ಜಾಗಗಳು ನಕ್ಷೆಯಲ್ಲಿ ಕೆಲವೇ ದ್ವೀಪಗಳಾಗಿ ಉಳಿದವು. ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಜೊತೆ ಅವರು 1963ರಲ್ಲಿ ಪ್ರಕಟಿಸಿದ ಆ ನಕ್ಷೆಯೇ ಇಂದು ಪ್ರಪಂಚದ ಜೀವರಸಾಯನ ಪಠ್ಯಗಳಲ್ಲೆಲ್ಲ ಕಾಣುವ 'ರಾಮಚಂದ್ರನ್ ನಕ್ಷೆ'. ಮನುಷ್ಯನ ಮೊಣಕೈ ಮುಂದಕ್ಕೆ ಮಡಚುತ್ತದೆ, ಹಿಂದಕ್ಕೆ ಮಡಚದು. ಚಿತ್ರವೊಂದರಲ್ಲಿ ಹಿಂದಕ್ಕೆ ಮಡಚಿದ್ದರೆ ಕೈ ಮುರಿದಿರಬೇಕು, ಇಲ್ಲವೇ ಬರೆದವನು ತಪ್ಪಿರಬೇಕು. ಒಳ್ಳೆಯ ಪ್ರೋಟೀನ್ ಮಾದರಿಯಲ್ಲಿ ನೂರಕ್ಕೆ 98 ಅಮೈನೋ ಆಮ್ಲಗಳಾದರೂ ದ್ವೀಪಗಳ ನಡುಭಾಗದಲ್ಲೇ ಬೀಳಬೇಕು, ಪೂರ್ತಿ ನೀರಿಗೆ ಬಿದ್ದವು ಐನೂರಕ್ಕೆ ಒಂದನ್ನು ಮೀರಬಾರದು ಎಂಬುದು ಈಗಿನ ಅಳತೆಗೋಲು. ಗ್ಲೈಸೀನ್ ಎಂಬುದಕ್ಕೆ ಪಕ್ಕದ ಗುಂಪಾಗಿ ಬರೀ ಒಂದು ಹೈಡ್ರೋಜನ್ ಇರುವುದರಿಂದ ಅದು ಹೆಚ್ಚು ಸ್ವತಂತ್ರ. ಅದಕ್ಕೆ ಬೇರೆಯದೇ ನಕ್ಷೆ.

ಕೋನಗಳನ್ನು ಈ ನಕ್ಷೆಗೆ ಹೊಂದಿಸಿ ಎಂದು ಕಂಪ್ಯೂಟರಿಗೆ ಸಾಮಾನ್ಯವಾಗಿ ಹೇಳಿರುವುದಿಲ್ಲ. ಸಾಕ್ಷಿಯ ಬೆಲೆ ಇರುವುದೇ ಅಲ್ಲಿ. ಮಸುಕಾದ ಅಳತೆಗಳಿದ್ದಾಗ ನಕ್ಷೆಗೂ ಹೊಂದಿಸಿಬಿಡುವ ಸೌಲಭ್ಯ ಈಚಿನ ಪ್ರೋಗ್ರಾಮುಗಳಲ್ಲಿದೆ. ಅದನ್ನು ಬಳಸಿದ ಮೇಲೆ 'ನೋಡಿ, ನಮ್ಮ ರಾಮಚಂದ್ರನ್ ನಕ್ಷೆ ಎಷ್ಟು ಚೆನ್ನಾಗಿದೆ' ಎಂದು ಬೀಗುವುದು, ಹೇಳಿಕೊಟ್ಟ ಸಾಕ್ಷಿಯನ್ನು ಕೋರ್ಟಿಗೆ ಕರೆತಂದಂತೆ.

ರಾಮಚಂದ್ರನ್ 1970ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಮರಳಿ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು, 2001ರಲ್ಲಿ ತೀರಿಕೊಂಡರು. ಆಕ್ಸ್‌ಫರ್ಡಿನಲ್ಲಿ ಡೊರೊತಿ ಹಾಡ್ಜ್‌ಕಿನ್ ಅವರ ಜೊತೆ ಇನ್ಸುಲಿನ್ ರಚನೆಯ ಮೇಲೆ ದುಡಿದ ಎಂ. ವಿಜಯನ್ 1971ರಲ್ಲಿ ಇದೇ ಸಂಸ್ಥೆಗೆ ಹಿಂದಿರುಗಿ, ಪ್ರೋಟೀನ್ ಹರಳುಗಳ ಅಧ್ಯಯನ ನಮ್ಮ ದೇಶದಲ್ಲಿ ಬೇರೂರುವಂತೆ ಮಾಡಿದರು. 2022ರಲ್ಲಿ ತೀರಿಕೊಂಡ ಅವರ ತಂಡ ಬಿಡಿಸಿದ ರಚನೆಗಳಲ್ಲಿ ಒಂದು ನಮ್ಮ ಕಡಲೆಕಾಯಿಯಲ್ಲಿರುವ ಲೆಕ್ಟಿನ್. ಸಕ್ಕರೆಯ ಅಣುಗಳನ್ನು ಗುರುತಿಸಿ ಹಿಡಿಯುವ ಪ್ರೋಟೀನ್ ಅದು. ನಾಲ್ಕು ತುಂಡುಗಳು ಸೇರಿ ಆದ ಈ ಪ್ರೋಟೀನಿನಲ್ಲಿ ತುಂಡುಗಳ ಜೋಡಣೆ, ಎಲ್ಲರೂ ನಿರೀಕ್ಷಿಸುವ ಸಮಮಿತಿಯಲ್ಲಿ ಇರಲಿಲ್ಲ. 1994ರಲ್ಲಿ ಈ ವಿಚಿತ್ರ ಜೋಡಣೆಯನ್ನು ಪ್ರಕಟಿಸಿದವರು ಅಲ್ಲಿಗೇ ಬಿಡದೆ, 1996ರಲ್ಲಿ ಇನ್ನೂ ಸ್ಪಷ್ಟವಾದ ಅಳತೆಗಳಿಂದ ತಿದ್ದಿದ ರಚನೆಯನ್ನು ಮುಂದಿಟ್ಟರು. ಜೋಡಣೆ ಹಾಗೇ ಇತ್ತು. ವಿಚಿತ್ರವಾಗಿರುವುದೆಲ್ಲ ತಪ್ಪಲ್ಲ ಎಂಬುದಕ್ಕೂ ಒಂದು ಉದಾಹರಣೆ ಬೇಕಲ್ಲ.

ಇನ್ನು ನಿಜವಾಗಿ ನೋವು ತಂದ ಪ್ರಕರಣಕ್ಕೆ ಬರೋಣ. ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ಜೆಫ್ರಿ ಚಾಂಗ್ 2001ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬ್ಯಾಕ್ಟೀರಿಯದ ಎಂಎಸ್‌ಬಿಎ ಎಂಬ ಪ್ರೋಟೀನಿನ ರಚನೆಯನ್ನು ಪ್ರಕಟಿಸಿದರು. ಜೀವಕೋಶದ ಪೊರೆಯಲ್ಲಿ ಕುಳಿತು ಅಣುಗಳನ್ನು ಆಚೆ ಸಾಗಿಸುವ ಪಂಪು ಇದು. ಇದರ ಬಂಧುವೊಂದು ಕ್ಯಾನ್ಸರ್ ಜೀವಕೋಶಗಳಲ್ಲಿದ್ದು, ಕೊಟ್ಟ ಔಷಧವನ್ನು ಆಚೆ ದಬ್ಬುತ್ತದೆ. ಪೊರೆಯ ಪ್ರೋಟೀನುಗಳನ್ನು ಹರಳುಗಟ್ಟಿಸುವುದು ಮಹಾ ಕಷ್ಟ. ಚಾಂಗ್ ಅವರ ಸಾಧನೆಗೆ ಎಲ್ಲೆಡೆ ಮೆಚ್ಚುಗೆ ದೊರೆಯಿತು. ಮುನ್ನೂರಕ್ಕೂ ಹೆಚ್ಚು ಪ್ರಬಂಧಗಳು ಇದನ್ನು ಉಲ್ಲೇಖಿಸಿದವು. ಇದಕ್ಕೆ ಹೊಂದದ ಫಲಿತಾಂಶ ಪಡೆದಿದ್ದವರೂ ಇದ್ದರು. ತಮ್ಮ ಕೆಲಸವನ್ನು ಅಚ್ಚು ಮಾಡಿಸಲು ಹೆಣಗಬೇಕಾಯಿತೆಂದು ಅವರಲ್ಲಿ ಕೆಲವರು ಆಮೇಲೆ ಹೇಳಿಕೊಂಡರು.

2006ರ ಸೆಪ್ಟೆಂಬರಿನಲ್ಲಿ ಜೂರಿಕ್‌ನ ರೋಜರ್ ಡಾಸನ್ ಮತ್ತು ಕಾಸ್ಪರ್ ಲೋಚರ್ ಇದೇ ಕುಟುಂಬದ ಇನ್ನೊಂದು ಪಂಪಿನ ರಚನೆಯನ್ನು 3 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ ಪ್ರಕಟಿಸಿದರು. ಎರಡೂ ಸ್ವಲ್ಪವೂ ಹೋಲುತ್ತಿರಲಿಲ್ಲ. ಚಾಂಗ್ ತಮ್ಮ ಲೆಕ್ಕಗಳನ್ನೆಲ್ಲ ಕೆದಕಿದಾಗ ಕಾರಣ ಸಿಕ್ಕಿತು. ಅವರ ಪ್ರಯೋಗಾಲಯದಲ್ಲೇ ಬಳಸುತ್ತಿದ್ದ ಒಂದು ಪುಟ್ಟ ಪ್ರೋಗ್ರಾಮು ಅಂಕಿಗಳ ಎರಡು ಕಾಲಂಗಳನ್ನು ಅದಲುಬದಲು ಮಾಡಿತ್ತು. ಅಷ್ಟರಿಂದ ಇಡೀ ನಕ್ಷೆ ಕನ್ನಡಿಯ ಬಿಂಬವಾಗಿ ತಿರುಗಿತ್ತು. ಪ್ರೋಟೀನಿನ ಸುರುಳಿಗಳು ಬಲಮುರಿಯಾಗಿ ಒಂದೇ ದಿಕ್ಕಿಗೆ ಸುತ್ತುತ್ತವೆ, ನಕ್ಷೆಯಲ್ಲಿದ್ದದ್ದು ಎಡಮುರಿ. ಸ್ಪಷ್ಟ ನಕ್ಷೆಯಾಗಿದ್ದರೆ ಅದು ತಟ್ಟನೆ ಕಣ್ಣಿಗೆ ಬೀಳುತ್ತಿತ್ತು. ಇವರದು 4.5 ಆಂಗ್‌ಸ್ಟ್ರಾಮಿನ ಮಸುಕು ನಕ್ಷೆ. ಸುರುಳಿಗಳು ಬರೀ ಕೊಳವೆಗಳಂತೆ ಕಾಣುತ್ತಿದ್ದವು. ಆ ಕೊಳವೆಗಳೊಳಗೆ ಬಲಮುರಿ ಸುರುಳಿಗಳನ್ನು ಕೂರಿಸಿದ್ದಾಯಿತು. ಮೇಲೆ, ಒಂದು ಮಾದರಿಯ ಬದಲು ಹಲವು ಪ್ರತಿಗಳನ್ನು ಒಟ್ಟಿಗೆ ಹೊಂದಿಸುವ ವಿಧಾನವನ್ನು ಬಳಸಿದ್ದರು. ಅಜ್ಞಾತಗಳು ಹೆಚ್ಚಿದವು, ತಪ್ಪು ರಚನೆಗೂ ಒಪ್ಪತಕ್ಕ ಅಂಕಗಳು ಬಂದವು. ಇದನ್ನು ಚಾಂಗ್ ಮತ್ತು ಸಂಗಡಿಗರೇ 2006ರ ಡಿಸೆಂಬರಿನ 'ಸೈನ್ಸ್' ಸಂಚಿಕೆಯಲ್ಲಿ ಬಿಚ್ಚಿ ಬರೆದರು. ಒಟ್ಟು ಐದು ಪ್ರಬಂಧಗಳು ವಾಪಸಾದವು. ಐದು ವರ್ಷ ಎಷ್ಟೋ ಪ್ರಯೋಗಾಲಯಗಳು ಕನ್ನಡಿಯೊಳಗಿನ ಪಂಪನ್ನು ನಂಬಿಕೊಂಡು ಕೆಲಸ ಮಾಡಿದ್ದವು.

ಮೋಸ ಇರಲಿಲ್ಲ, ಸೋಮಾರಿತನವೂ ಇರಲಿಲ್ಲ. ಇದ್ದದ್ದು ಹೊಂದಿಕೊಂಡಿತಲ್ಲ ಎಂಬ ಸಮಾಧಾನ.

ಪ್ರೋಟೀನ್ ರಚನೆಗಳನ್ನೆಲ್ಲ ಕೂಡಿಡುವ ಪ್ರೋಟೀನ್ ಡೇಟಾ ಬ್ಯಾಂಕ್ 1971ರಲ್ಲಿ ಬೆರಳೆಣಿಕೆಯ ರಚನೆಗಳಿಂದ ಶುರುವಾಯಿತು. 2023ರ ಆರಂಭದಲ್ಲಿ ಎರಡು ಲಕ್ಷ ದಾಟಿತು. ಮಾದರಿಯ ಜೊತೆಗೆ ಅಳೆದ ಅಂಕಿಗಳನ್ನೂ ಒಪ್ಪಿಸಲೇಬೇಕೆಂಬ ನಿಯಮ ಅಲ್ಲಿ 2008ರ ಫೆಬ್ರವರಿಯಿಂದ ಇದೆ. ಹಾಗಾಗಿ ಬೇರೆಯವರು ಲೆಕ್ಕವನ್ನು ಮೊದಲಿನಿಂದ ಮಾಡಿ ನೋಡಬಹುದು. ಅಲ್ಲಿನ ಪ್ರತಿ ಕ್ಷ-ಕಿರಣ ರಚನೆಗೂ ಒಂದು ಪ್ರಗತಿಪತ್ರ ಸಿಗುತ್ತದೆ: ಫ್ರೀ ಆರ್ ಎಷ್ಟು, ಪರಮಾಣುಗಳ ಢಿಕ್ಕಿ ಎಷ್ಟು, ರಾಮಚಂದ್ರನ್ ನಕ್ಷೆಯಲ್ಲಿ ನೀರಿಗೆ ಬಿದ್ದವೆಷ್ಟು. ಕೆಂಪಿನಿಂದ ನೀಲಿಗೆ ಸಾಗುವ ಪಟ್ಟಿಯ ಮೇಲೆ ಗುರುತಿರುತ್ತದೆ. ನೀಲಿಯ ಕಡೆಗಿದ್ದರೆ ಒಳ್ಳೆಯದು. ಪಿ.ಯು.ಸಿ. ವಿದ್ಯಾರ್ಥಿ ಕೂಡ ಕಾಸು ಕೊಡದೆ ತೆರೆದು ನೋಡಬಹುದು. 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ ಆಲ್ಫಾಫೋಲ್ಡ್ ಎಂಬ ಕಂಪ್ಯೂಟರ್ ವಿಧಾನ ಪ್ರೋಟೀನಿನ ಆಕಾರ ಊಹಿಸಲು ಕಲಿತದ್ದೂ ಇದೇ ಬ್ಯಾಂಕಿನ ರಚನೆಗಳನ್ನು ಓದಿ.

ಚಾಂಗ್ ಕೆಲಸ ಬಿಡಲಿಲ್ಲ. ತಿದ್ದಿದ ಎಂಎಸ್‌ಬಿಎ ರಚನೆಗಳನ್ನು ಅವರ ತಂಡ 2007ರಲ್ಲಿ ಪ್ರಕಟಿಸಿತು. 2009ರಲ್ಲಿ ಇಲಿಯ ಪಿ-ಗ್ಲೈಕೋಪ್ರೋಟೀನ್ ರಚನೆ ಹೊರಬಂತು. ಕ್ಯಾನ್ಸರ್ ಔಷಧವನ್ನು ಆಚೆ ತಳ್ಳುವ ಪಂಪು ಇದೇ. ಮುಂದೆ ಒಂದು ಹುಳುವಿನ ಅದೇ ಬಗೆಯ ಪಂಪಿನ ರಚನೆ ಸಿಕ್ಕಾಗ ಎರಡಕ್ಕೂ ಕೆಲವೆಡೆ ತಾಳೆಯಾಗಲಿಲ್ಲ. 2009ರ ಪ್ರಬಂಧದ ಮೊದಲ ಲೇಖಕರಾಗಿದ್ದ ಸ್ಟೀಫನ್ ಆಲರ್ ತಮ್ಮ ಹಳೆಯ ಅಳತೆಗಳನ್ನೇ ಮತ್ತೆ ಹೊರತೆಗೆದು, ಹೊಸ ಫೇಸ್ ಕಂಡುಕೊಂಡು, ಅನುಮಾನವಿದ್ದ ಭಾಗಗಳನ್ನು ಹೊಸದಾಗಿ ಕಟ್ಟಿದರು. 2014ರಲ್ಲಿ ಅಚ್ಚಾದ ಆ ಮಾದರಿಯ ಫ್ರೀ ಆರ್ ಮೊದಲಿಗಿಂತ 8 ಅಂಕ ಇಳಿದು 26.6ಕ್ಕೆ ಬಂದಿತ್ತು.